ಹಬ್ಬದ ಪೇಟೆಗೆ ಕೂಸಿನ ಜೊತೆ ಹೋಗುವಾಗ

ದೀಪಾವಳಿಗೆ ಇನ್ನು ಹದಿನೈದು-ಇಪ್ಪತ್ತು ದಿನ ಇದೆ ಅನ್ನುವಾಗ ನಮ್ಮ ಶಿವಮೊಗ್ಗದ ಕಡೆ ಮನೆಮನೆಯಲ್ಲೂ ಒಂದು ಮಾತು ಏಳುತ್ತದೆ: "ಬೆಂಗಳೂರಿಗೆ ಹೋಗಿ ಬಟ್ಟೆಬರೆ ತಂದುಬಿಡೋಣ." ಚಿಕ್ಕಪೇಟೆಯಲ್ಲಿ ಸೀರೆ ತೆಗೆದ ಹಾಗೂ ಆಯಿತು, ಕೂಸನ್ನು ಇನ್ನೂ ನೋಡದ ನೆಂಟರಿಗೆ ತೋರಿಸಿದ ಹಾಗೂ ಆಯಿತು ಅಂತ. ಮನೆಯಲ್ಲಿ ಆರೇಳು ತಿಂಗಳ ಕೂಸಿದ್ದರೆ ಆಗ ಎರಡು ಬಣ. ಇಷ್ಟು ಎಳೆಯದನ್ನು ಎತ್ತಿಕೊಂಡು ಆ ಗಲಾಟೆಗೆ ಹೋಗುವುದುಂಟೇ ಅನ್ನುವವರು ಒಂದು ಕಡೆ. ಹೊಸ ತಾಯಿ ಎಷ್ಟು ತಿಂಗಳು ನಾಲ್ಕು ಗೋಡೆಯ ಒಳಗೇ ಇರಬೇಕು ಅನ್ನುವವರು ಇನ್ನೊಂದು ಕಡೆ. ಮೂರು ಮಕ್ಕಳನ್ನೂ ಐದು ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಧಾರಾಳವಾಗಿ ಹೋಗಿ. ಆದರೆ ಕೂಸಿನ ಹಾಲು, ನಿದ್ದೆಯ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದ ಸಂದಿನಲ್ಲಿ ಪೇಟೆ ಕೆಲಸ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಮೊದಲೆರಡು ಸಲ ಇದನ್ನೇ ತಿರುಗಾಮುರುಗಾ ಮಾಡಿ ಕೂಸೂ ಬಳಲಿತು, ತಾಯಿಯೂ ಬಳಲಿದಳು.

ಮೂರು ತಿಂಗಳು ತುಂಬದ ಕೂಸನ್ನು ಹಬ್ಬದ ಜನಸಂದಣಿಗೆ ಕರೆದೊಯ್ಯಬೇಡಿ. ಅಷ್ಟು ಎಳೆ ಮಗುವಿಗೆ 100.4 ಡಿಗ್ರಿ ಜ್ವರ ಬಂದರೂ ಕೂಡಲೇ ವೈದ್ಯರ ಹತ್ತಿರ ಓಡಬೇಕು, ಅದು ಮನೆಮದ್ದಿನ ವಿಷಯವೇ ಅಲ್ಲ. ಪೇಟೆಯಲ್ಲಿ ಕೆಮ್ಮುವವರು, ಸೀನುವವರು ಎಷ್ಟು ಜನ! ಲಸಿಕೆಯ ದಿನವನ್ನೂ ನೋಡಿಕೊಳ್ಳಿ. ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದು ಹಾಕಿಸಿದ ಮೇಲೆ ಒಂದೆರಡು ದಿನ ಮೈ ಬಿಸಿಯಾಗುವುದು, ತೊಡೆ ಊದಿಕೊಳ್ಳುವುದು ಸಾಮಾನ್ಯ. ಒಂಬತ್ತು ತಿಂಗಳಿನದ್ದು ದಡಾರದ ಲಸಿಕೆ. ಅದರ ಜ್ವರ ಒಂದು ವಾರ ಬಿಟ್ಟೂ ಬರಬಹುದು. ಹಾಗಂತ ಲಸಿಕೆ ಮುಂದೂಡಬೇಡಿ, ಪ್ರಯಾಣ ಮುಂದೂಡಿ.

ಟಿಕೆಟ್ ವಿಷಯದಲ್ಲಿ ಬಹಳ ಜನ ಎಡವುವುದು ಒಂದೇ ಜಾಗದಲ್ಲಿ. ಹಬ್ಬದ ಹಿಂದಿನ ವಾರ ಊರಿನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಜಾಗ ಸಿಗುತ್ತದೆ, ಅಲ್ಲಿಂದ ವಾಪಸ್ ಬರುವಾಗ ಇಡೀ ಬೆಂಗಳೂರೇ ಊರಿಗೆ ಹೊರಟು ನಿಂತಿರುತ್ತದೆ. ಅದಕ್ಕೇ ನಾನು ಬರುವ ಟಿಕೆಟ್ ಮೊದಲು ಮಾಡಿಸು, ಹೋಗುವುದು ಆಮೇಲೆ ಅನ್ನುತ್ತೇನೆ. ಮೊದಲು 120 ದಿನ ಮುಂಚೆ ರಿಸರ್ವೇಶನ್ ಸಿಗುತ್ತಿತ್ತು, 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಹಬ್ಬದ ತಾರೀಖು ಪಂಚಾಂಗದಲ್ಲಿ ನೋಡಿ, ಪ್ರಯಾಣದ ದಿನ ಗೊತ್ತುಮಾಡಿಕೊಂಡು, ಆ ದಿನದಿಂದ 60 ದಿನ ಹಿಂದಕ್ಕೆ ಎಣಿಸಿ, ಅವತ್ತೇ ಮಾಡಿಸಿಬಿಡಿ. ಶುಕ್ರವಾರ ಸಂಜೆ ಬೆಂಗಳೂರು ಬಿಡುವ ರೈಲು ಬಸ್ಸು ಯಾವುದೂ ಬೇಡ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಕೇಳದಿದ್ದರೆ ಟಿಕೆಟ್ ಇಲ್ಲ. ರಾತ್ರಿ ರೈಲಾದರೆ ಕೆಳಗಿನ ಬರ್ತೇ ಆಗಬೇಕು, ಕೂಸು ಗೋಡೆಯ ಕಡೆ, ತಾಯಿ ಹೊರಗಡೆ. ಇನ್ನು ಬಸ್ಸು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಸಾಮಾನ್ಯ ಸಾರಿಗೆಯಲ್ಲಿ ನಮ್ಮ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ, ನನಗೆ ಅದರ ಸಂತೋಷ ಬಹಳ. ಆದರೆ ಹಬ್ಬದ ಮುಂದೆ ಆ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ನಿಂತು ಹೋಗುವ ಪರಿಸ್ಥಿತಿ ಬರಬಹುದು. ಅವತ್ತೊಂದು ದಿನ ದುಡ್ಡು ಕೊಟ್ಟು ರಿಸರ್ವ್ ಮಾಡಿದ ಸೀಟಿನಲ್ಲೇ ಬನ್ನಿ.

ನಮಗೆ ಒಗ್ಗಿದ್ದು ನಸುಕಿನ ಜನಶತಾಬ್ದಿ. ಎಬ್ಬಿಸಿದರೂ ಕೂಸು ಅರೆನಿದ್ದೆಯಲ್ಲೇ ಇರುತ್ತದೆ, ಅರಸೀಕೆರೆ ಬರುವ ಹೊತ್ತಿಗೆ ಕಣ್ಣುಬಿಟ್ಟು ಹಾಲು ಕೇಳುತ್ತದೆ, ಕಿಟಕಿ ಪಕ್ಕದ ಸೀಟಿದ್ದರೆ ಸೆರಗು ಹೊದ್ದು ಕುಡಿಸಬಹುದು. ಹತ್ತರ ಸುಮಾರಿಗೆ ಬೆಂಗಳೂರು. ಅವತ್ತೇ ಪೇಟೆ ಸುತ್ತಿ ಸಂಜೆಯ ಗಾಡಿಗೆ ಮರಳುವ ಆಸೆ ಮಾತ್ರ ಬೇಡ. ಎರಡು ರಾತ್ರಿಯಾದರೂ ಉಳಿಯಿರಿ, ಮೊದಲ ದಿನ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಬೇಡಿ. ಹೊಸ ಮನೆಯ ಗಾಳಿ, ಬೆಳಕು, ದನಿ ಕೂಸಿಗೆ ಒಗ್ಗಲಿ. ಊರಿನ ಮನೆಯಲ್ಲಿ ಮಲಗಿಸುವ ಹಳೇ ಸೀರೆಯ ದುಪ್ಪಟಿಯನ್ನೇ ಒಗೆಯದೆ ಹಾಗೇ ಮಡಚಿ ಒಯ್ಯಿರಿ. ಒಗೆದ ಬಟ್ಟೆಗೆ ಸೋಪಿನ ವಾಸನೆ, ಒಗೆಯದ್ದಕ್ಕೆ ಮನೆಯ ವಾಸನೆ. ನನ್ನ ಮೂರನೇ ಮೊಮ್ಮಗಳು ಮಗನ ಮನೆಯ ಹೊಸ ಹಾಸಿಗೆಯ ಮೇಲೆ ರಾತ್ರಿ ಒಂದರ ತನಕ ಅತ್ತವಳು, ಚೀಲದ ಅಡಿಯಿಂದ ಆ ದುಪ್ಪಟಿ ತೆಗೆದು ಹಾಸಿದ್ದೇ ತಡ, ಮುಖ ಒತ್ತಿ ಮಲಗಿಬಿಟ್ಟಳು.

ಚೀಲ ಎರಡು ಇರಲಿ. ದೊಡ್ಡದು ಮನೆಯಲ್ಲಿ ಉಳಿಯುವುದು, ಚಿಕ್ಕದು ಯಾವಾಗಲೂ ಹೆಗಲಲ್ಲಿ ಇರುವುದು. ಚಿಕ್ಕದರಲ್ಲಿ ಮೂರು ಗಂಟೆಗೆ ಬೇಕಾಗುವಷ್ಟು ಮಾತ್ರ: ಎರಡು ಜೊತೆ ಅಂಗಿ, ಮೂರು ಡೈಪರ್, ನಾಲ್ಕು ಮೆತ್ತನೆ ಹತ್ತಿ ಬಟ್ಟೆ, ಕುಲಾವಿ, ಒದ್ದೆ ಬಟ್ಟೆ ಹಾಕಲು ಪ್ಲಾಸ್ಟಿಕ್ ಕವರು, ತಾಯಿಗೊಂದು ರವಿಕೆ. ಈ ರವಿಕೆಯನ್ನು ಎಲ್ಲರೂ ಮರೆಯುತ್ತಾರೆ, ಕೂಸು ಕಕ್ಕಿಕೊಂಡ ಮೇಲೆ ನೆನಪಾಗುತ್ತದೆ. ಊರಲ್ಲಿ ಲಂಗೋಟಿ ಕಟ್ಟುವವರೂ ಪ್ರಯಾಣದ ದಿನ ಡೈಪರ್ ಹಾಕಿ, ಮೂರು ಗಂಟೆಗೊಮ್ಮೆ ಬದಲಿಸಿ, ರಾತ್ರಿ ತೊಡೆಸಂದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಬರೀ ಮೈಯಲ್ಲಿ ಗಾಳಿಯಾಡಲು ಬಿಡಿ. ತಾಯಿ ಕಾರ್ಡ್, ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ನಿಮ್ಮ ಡಾಕ್ಟರು ಕೂಸಿನ ತೂಕ ನೋಡಿ ಹೇಳಿದ ಜ್ವರದ ಡ್ರಾಪ್ಸ್, ಎಷ್ಟು ಎಂ.ಎಲ್. ಎಂದು ಬರೆದ ಚೀಟಿ ಇವು ಒಂದೇ ಡಬ್ಬಿಯಲ್ಲಿರಲಿ. ದಾರಿಯಲ್ಲಿ ಸುಮ್ಮನೆ ಮಲಗಲಿ ಎಂದು ನೆಗಡಿಯ ಸಿರಪ್ ಕುಡಿಸುವ ಪರಿಪಾಠ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ, ಎಳೆ ಮಕ್ಕಳಿಗೆ ಅದು ಉಸಿರಿನ ಅಪಾಯ.

ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲು ಬಿಟ್ಟರೆ ಏನೂ ಬೇಡ, ನೀರೂ ಬೇಡ. ಆರು ದಾಟಿದ ಮೇಲೆ ನಮ್ಮಲ್ಲಿ ಮೊಳಕೆ ರಾಗಿಹಿಟ್ಟಿನ ಗಂಜಿ, ಅದಕ್ಕೆ 'ಸರಿ' ಅನ್ನುತ್ತೇವೆ. ಪ್ರಯಾಣದಲ್ಲಿ ಒಂದು ತಪ್ಪು ಕಾಣುತ್ತೇನೆ: ಫ್ಲಾಸ್ಕಿನ ಬಿಸಿನೀರಿಗೆ ರಾಗಿಹಿಟ್ಟು ಕಲಸಿ ತಿನ್ನಿಸುತ್ತಾರೆ. ಅದು ಬೆಂದಿರುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಸರಿ ಎಂದರೆ ಒಲೆಯ ಮೇಲೆ ಕುದಿದು, ಹಸಿ ವಾಸನೆ ಹೋಗಿ, ಹೊಳಪು ಬರಬೇಕು. ಹಾಗಾಗಿ ಅದನ್ನು ಬೆಳಗ್ಗೆ ಹೊರಡುವ ಮುಂಚೆ ಮನೆಯಲ್ಲೇ ತಿನ್ನಿಸಿ. ದಾರಿಗೆ ಏಲಕ್ಕಿ ಬಾಳೆಹಣ್ಣಿನಂಥದ್ದು ಇನ್ನೊಂದಿಲ್ಲ, ಸಿಪ್ಪೆಯೇ ಅದರ ಡಬ್ಬಿ. ತೊಳೆದ ಚಮಚದಿಂದ ಕೆರೆದು ಕೆರೆದು ಕೊಟ್ಟರಾಯಿತು. ಊರಲ್ಲಿ ತಿಂದು ಅಭ್ಯಾಸವಿಲ್ಲದ ಯಾವುದನ್ನೂ ಅಲ್ಲಿ ಹೊಸದಾಗಿ ಶುರುಮಾಡಬೇಡಿ. ನೆಂಟರ ಮನೆಯಲ್ಲಿ ಪ್ರೀತಿಯಿಂದ ಜಾಮೂನಿನ ಪಾಕ ನೆಕ್ಕಿಸುತ್ತಾರೆ, ಜೇನುತುಪ್ಪ ನಾಲಿಗೆಗೆ ಹಚ್ಚುತ್ತಾರೆ. ಒಂದು ವರ್ಷ ತುಂಬುವ ತನಕ ಜೇನು ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ. "ಡಾಕ್ಟರು ಬೇಡ ಅಂದಿದ್ದಾರೆ ಅತ್ತಿಗೆ" ಎಂದು ನೇರವಾಗಿ ಹೇಳಿ. ಸೊಸೆಗೆ ಸಂಕೋಚವಾದರೆ ಅತ್ತೆ ಹೇಳಬೇಕು, ಹಿರಿಯರು ಜೊತೆಗೆ ಹೋಗುವುದು ಇಂಥ ಮಾತಿಗಾಗಿಯೇ.

ಇನ್ನು ಪೇಟೆ. ಮೆಜೆಸ್ಟಿಕ್ಕಿನಿಂದ ಚಿಕ್ಕಪೇಟೆಗೆ ಆಟೋದಲ್ಲಿ ಹೊಗೆ ಕುಡಿಯುತ್ತ ಕೂರುವುದಕ್ಕಿಂತ ಮೆಟ್ರೊ ಸಾವಿರ ಪಾಲು ಮೇಲು. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಆದ ಮೇಲಿನದೇ ಚಿಕ್ಕಪೇಟೆ, ಅದರ ಮುಂದಿನದು ಕೆ.ಆರ್. ಮಾರ್ಕೆಟ್. ಯಶವಂತಪುರದಲ್ಲಿ ರೈಲು ಇಳಿದವರಿಗೂ ಇದೇ ಹಸಿರು ಮಾರ್ಗ ನೇರ. ಚಿಕ್ಕಪೇಟೆಯ ನಿಲ್ದಾಣ ನೆಲದಡಿ ಬಹಳ ಆಳದಲ್ಲಿದೆ, ಎಸ್ಕಲೇಟರ್ ಬಿಟ್ಟು ಲಿಫ್ಟ್ ಎಲ್ಲಿದೆ ಕೇಳಿ. ಕೂಸಿನ ಗಾಡಿ ಆ ಪೇಟೆಗೆ ಒಯ್ಯಬೇಡಿ. ಕಾಲುದಾರಿಯ ತುಂಬ ಗಂಟುಮೂಟೆ, ಕೈಗಾಡಿ, ಸ್ಕೂಟರು, ನಾಲ್ಕು ಹೆಜ್ಜೆಗೊಮ್ಮೆ ಗಾಡಿ ಎತ್ತಬೇಕಾಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಚೀಲ ಒಳ್ಳೆಯದು. ಕೂಸಿನ ಮುಖ ನಿಮ್ಮ ಕಡೆ ಇರಲಿ, ಗಲ್ಲ ಎದೆಗೆ ಒತ್ತಿಕೊಳ್ಳದಿರಲಿ, ತಲೆ ಬಗ್ಗಿಸಿದರೆ ಮೂಗು ಕಾಣುವಂತಿರಲಿ. ಕೈಕಡಗ, ಚಿನ್ನದ ಸರ ಬಿಚ್ಚಿಟ್ಟು ಬನ್ನಿ. ದೃಷ್ಟಿಬೊಟ್ಟು ಕೆನ್ನೆಗೋ ಪಾದಕ್ಕೋ ಸಾಕು, ಕಣ್ಣಿನೊಳಗೆ ಕಾಡಿಗೆ ಬೇಡ.

ಹೊತ್ತು ಬೆಳಗಿನದ್ದು. ಅಂಗಡಿ ಬಾಗಿಲು ತೆರೆದು ಧೂಪ ಹಾಕುವಾಗಲೇ ಹೋದರೆ ಗಿರಾಕಿಗಳು ಕಡಿಮೆ, ಅಂಗಡಿಯವರಿಗೂ ಸಮಾಧಾನ. ಮಧ್ಯಾಹ್ನ ಒಂದೂವರೆಗೆ ಪೇಟೆ ಬಿಟ್ಟುಬಿಡಿ. ಆಶ್ವಯುಜದಲ್ಲಿ ಬೆಂಗಳೂರಿಗೆ ಸಂಜೆ ಮಳೆ ಹೊಯ್ಯುವುದು ಹೆಚ್ಚು, ಚಿಕ್ಕಪೇಟೆ ಅವೆನ್ಯೂ ರಸ್ತೆಯಲ್ಲಿ ಮಳೆಗೆ ಸಿಕ್ಕರೆ ಕೂಸನ್ನು ಇಟ್ಟುಕೊಂಡು ನಿಲ್ಲಲು ಒಣ ಜಾಗವೇ ಇರುವುದಿಲ್ಲ. ಹಳೆಯ ರೇಷ್ಮೆ ಅಂಗಡಿಗಳಲ್ಲಿ ಚಪ್ಪಲಿ ಬಿಟ್ಟು ಬಿಳಿ ಗಾದಿಯ ಮೇಲೆ ಕೂತು ಸೀರೆ ನೋಡುವ ಪದ್ಧತಿ ಇದೆಯಲ್ಲ, ಕೂಸಿದ್ದವರು ಅಂಥ ಕಡೆಗೇ ಹೋಗಿ. ದುಪ್ಪಟಿ ಹಾಸಿ ಪಕ್ಕದಲ್ಲಿ ಮಲಗಿಸಬಹುದು. ಸೀರೆ ಬಿಚ್ಚಿಸುವ ಮೊದಲೇ "ಅಣ್ಣಾ, ಮಗುವಿಗೆ ಹಾಲು ಕುಡಿಸಬೇಕು, ಒಳಗೆ ಜಾಗ ಇದೆಯಾ" ಎಂದು ಕೇಳಿ. ನಾನು ಕೇಳಿದಲ್ಲೆಲ್ಲ ಒಂದು ಸ್ಟೂಲು ಹಾಕಿ, ಫ್ಯಾನು ತಿರುಗಿಸಿ ಕೊಟ್ಟಿದ್ದಾರೆ. ಒಂದು ದಿನಕ್ಕೆ ಒಂದೇ ಪೇಟೆ, ಎರಡು ಅಂಗಡಿ. ಏನೇನು ಬೇಕು, ಯಾರ ಅಳತೆ ಎಷ್ಟು ಎಂದು ಮನೆಯಲ್ಲೇ ಬರೆದುಕೊಂಡಿರಿ.

ಒಂದು ಸಂಗತಿ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಸೊಸೆಯ ಜೊತೆ ಹೀಗೇ ಹೋಗಿದ್ದೆ, ಕೂಸಿಗೆ ಆಗ ಐದು ತಿಂಗಳು. ಸಂಜೆ ನಾಲ್ಕಾದರೂ "ಅತ್ತೆ, ಇನ್ನೊಂದೇ ಅಂಗಡಿ" ಅನ್ನುತ್ತಿದ್ದಳು. ಕೂಸು ಎದೆಗೆ ಬಾಯಿ ಹಾಕಿ, ಎರಡು ಗುಟುಕು ಎಳೆದು, ಮುಖ ತಿರುಗಿಸಿ ಚೀರುವುದು, ಮತ್ತೆ ಹುಡುಕುವುದು. ಹೊಟ್ಟೆನೋವು ಅಂದುಕೊಂಡು ಬೆನ್ನು ತಟ್ಟಿದೆ. ಆಮೇಲೆ ಅವಳ ಮುಖ ನೋಡಿದೆ, ತುಟಿ ಒಣಗಿ ಬಿಳಿಚಿಕೊಂಡಿತ್ತು. "ನೀರು ಕುಡಿದಿದ್ದೀಯೇನೇ?" ಅಂದರೆ ತಲೆ ತಗ್ಗಿಸಿದಳು. ಪೇಟೆಯಲ್ಲಿ ಶೌಚಾಲಯಕ್ಕೆ ಎಲ್ಲಿಗೆ ಹೋಗುವುದು ಎಂದು ಬೆಳಗಿನ ಕಾಫಿಯ ಮೇಲೆ ಹನಿ ನೀರು ಮುಟ್ಟಿರಲಿಲ್ಲ. ನನಗೆ ಹೊಟ್ಟೆ ಚುರುಕ್ ಎಂದಿತು. ಒಂದು ಹೋಟೆಲಿನಲ್ಲಿ ಕೂರಿಸಿ, ಎರಡು ಲೋಟ ನೀರು, ಮಜ್ಜಿಗೆ, ಇಡ್ಲಿ ಕೊಡಿಸಿ, ಅರ್ಧ ಗಂಟೆ ಸುಮ್ಮನಿದ್ದ ಮೇಲೆ ಕೂಸು ಸಮಾಧಾನವಾಗಿ ಕುಡಿಯಿತು. ಹಾಲೂಡುವ ಹೆಣ್ಣುಮಕ್ಕಳೇ, ಇದನ್ನು ಮಾತ್ರ ಮಾಡಬೇಡಿ. ಕೂಸು ಕುಡಿದಾಗಲೆಲ್ಲ ನೀವೂ ಒಂದು ಲೋಟ ನೀರು ಕುಡಿಯಿರಿ. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ಶೌಚಾಲಯ ಇದೆ, ಕೂತು ತಿನ್ನುವ ಹೋಟೆಲುಗಳಲ್ಲಿ ಇರುತ್ತದೆ. ಹೊರಡುವಾಗಲೇ ನಿಲ್ಲುವ ಜಾಗ ಎರಡು ಗುರುತು ಮಾಡಿಕೊಂಡರೆ ಈ ಹಿಂಸೆ ಇಲ್ಲ.

ಜೊತೆಗೆ ಮೂರನೆಯ ಒಬ್ಬರು ಇರಲೇಬೇಕು. ಸೀರೆ ನೋಡುವುದು ಒಬ್ಬರು, ಕೂಸು ಒಬ್ಬರ ಕೈಯಲ್ಲಿ, ದುಡ್ಡು ಮತ್ತು ಚೀಲ ಇನ್ನೊಬ್ಬರ ಹತ್ತಿರ. ಕಾರಿನಲ್ಲಿ ಹೋಗುವವರು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರಬೇಡಿ, ಬ್ರೇಕ್ ಹಾಕಿದರೆ ಯಾವ ತಾಯಿಯ ಕೈಯೂ ಹಿಡಿದು ನಿಲ್ಲಿಸಲಾರದು. ಮೈ ಸುಡುವ ಜ್ವರ, ಏದುಸಿರು, ಬಿಡದ ವಾಂತಿ ಕಂಡರೆ ಶಾಪಿಂಗ್ ಅಲ್ಲಿಗೆ ಬಿಡಿ. ಆಂಬುಲೆನ್ಸಿಗೆ 108. ಚಿಕ್ಕಪೇಟೆಯ ಆಸುಪಾಸಿನಲ್ಲಿದ್ದರೆ ಕೋಟೆಯ ಹತ್ತಿರ ತಾಯಿ-ಮಕ್ಕಳಿಗೆಂದೇ 1935ರಿಂದ ಇರುವ ವಾಣಿ ವಿಲಾಸ ಸರ್ಕಾರಿ ಆಸ್ಪತ್ರೆ ಇದೆ.

ರಾತ್ರಿ ಪಟಾಕಿಯ ಸದ್ದು. ಹಬ್ಬಕ್ಕೆ ವಾರ ಇರುವಾಗಲೇ ಬೆಂಗಳೂರಿನ ಬೀದಿಗಳಲ್ಲಿ ಶುರುವಾಗಿರುತ್ತದೆ. ಕತ್ತಲಾದ ಮೇಲೆ ಕೂಸನ್ನು ಬಾಲ್ಕನಿಗೆ ತರಬೇಡಿ, ರಸ್ತೆಯ ಕಡೆಯ ಕಿಟಕಿ ಮುಚ್ಚಿ ಒಳಕೋಣೆಯಲ್ಲಿ ಮಲಗಿಸಿ. ಬೆಚ್ಚಿಬಿದ್ದು ಅತ್ತರೆ ಎತ್ತಿ ಎದೆಗೆ ಒತ್ತಿಕೊಂಡು, ಒಂದು ಕಿವಿ ನಿಮ್ಮ ಎದೆಗೆ, ಇನ್ನೊಂದರ ಮೇಲೆ ನಿಮ್ಮ ಅಂಗೈ. ಕಿವಿಗೆ ಹತ್ತಿ ತುರುಕಬೇಡಿ.

ಊರಿಗೆ ಮರಳಿದ ಮೇಲೆ ಎಲ್ಲರೂ ಮೊದಲು ಸೀರೆಯ ಗಂಟು ಬಿಚ್ಚುತ್ತಾರೆ. ನೀವು ಕೂಸಿನ ಹೊಸ ಅಂಗಿಯನ್ನು ತೆಗೆಯಿರಿ. ಅದರಲ್ಲಿ ಗಂಜಿ, ಬಣ್ಣ, ಅಂಗಡಿಯ ಧೂಳು ಎಲ್ಲ ಇರುತ್ತದೆ. ಕತ್ತಿನ ಹಿಂದಿನ ಗಡಸು ಚೀಟಿಯನ್ನು ಹೊಲಿಗೆ ಬಿಚ್ಚಿ ತೆಗೆದು, ಕಿತ್ತು ಬರುವಂಥ ಗುಂಡಿ ಇದ್ದರೆ ಗಟ್ಟಿ ಹೊಲಿದು, ಎರಡು ಸಲ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿ. ನೀರು ತುಂಬುವ ಹಬ್ಬದ ಮಾರನೆಯ ಬೆಳಗ್ಗೆ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಮೈ ಒರೆಸಿದ ಮೇಲೆ ಹಾಕುವ ಹೊತ್ತಿಗೆ ಅಂಗಿ ಮೆತ್ತಗಾಗಿರಬೇಕು.