ಕಾಫಿ ಬೇಡ ಅಂದ ಆರು ಸಂಜೆ

ಕೊಡಗಿನ ಸಿದ್ದಾಪುರ ಕಡೆ ನನ್ನದು 12 ಎಕರೆ ರೋಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು. ನಟ್ಟನಡುವೆ ಆನೆ ದಾರಿ. ಪಟಾಕಿ ಹೊಡೆಯದೆ, ಕೋವಿ ಎತ್ತದೆ ತೋಟ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯವನು ಅಹಿಂಸೆ ಅಂದರೆ ನಗದೆ ಇರ್ತಾರಾ? "ನಿನ್ನ ಗಾಂಧಿ ಆನೆಗೆ ಗೊತ್ತಾ ಮಾರಾಯ?" ಅಂದರು ಪಕ್ಕದ ತೋಟದ ಅಣ್ಣ. ಈಗ ಐದು ವರ್ಷ ಆಯಿತು. ನಕ್ಕವರೇ ಬಂದು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಇದು ಪುಣ್ಯದ ಯೋಚನೆಯಿಂದ ಬಂದದ್ದಲ್ಲ. ಸೋಲಾರ್ ಬೇಲಿಗೆ ಒಂದೂವರೆ ಲಕ್ಷದ ಹತ್ತಿರ ಸುರಿದಿದ್ದೆ. ಮೊದಲ ವರ್ಷವೇ ಒಂದು ಸಲಗ ಒಣಮರ ದೂಡಿ ತಂತಿ ಮೇಲೆ ಕೆಡವಿತು, ಹಿಂದಿದ್ದವು ಆರಾಮಾಗಿ ದಾಟಿದವು. ಮೂರು ಸಲ ರಿಪೇರಿ. ಪಟಾಕಿಗೆ ವರ್ಷಕ್ಕೆ ಎಂಟ್ಹತ್ತು ಸಾವಿರ ಬೇರೆ. ಒಂದು ರಾತ್ರಿ ಹೊಡೆದ ಪಟಾಕಿಗೆ ಹಿಂಡು ಬೆದರಿ, ದಾರಿ ಬಿಟ್ಟು ಗಿಡಗಳ ಮೇಲೆ ನುಗ್ಗಿತು. ಬೆಳಿಗ್ಗೆ ಎಣಿಸಿದೆ, 200ರ ಆಸುಪಾಸು ಕಾಫಿ ಗಿಡ. ಅಪ್ಪ ನೆಟ್ಟವು. ಆನೆ ಬಂದದ್ದು ಹಲಸಿಗೆ. ಗಿಡ ಮುರಿಸಿದ್ದು ನಾನು.

ಆನೆ ದಾರಿಗೆ ಅಡ್ಡ ಇದ್ದ ಬೇಲಿ ಕಿತ್ತೆ. ಮನೆ ಮತ್ತು ಕೆಲಸದವರು ಇರುವ ಲೈನ್‌ಮನೆ ಸುತ್ತ ಮಾತ್ರ ಉಳಿಸಿದೆ. ಹಲಸನ್ನು ಎಳೆಕಾಯಿ ಇರುವಾಗಲೇ ಇಳಿಸಿ ಕೇರಳದ ವ್ಯಾಪಾರಿಗೆ ಕೊಟ್ಟೆ. ಕೂಲಿ ಕಳೆದರೆ ಉಳಿದದ್ದು ಅಷ್ಟಕ್ಕಷ್ಟೆ. ಬೆಳಿಗ್ಗೆ ನಾನು ಮೊದಲು ಹೋಗಿ ಲದ್ದಿ ನೋಡುತ್ತೇನೆ. ಬಿಸಿ ಇದ್ದರೆ ಆ ಕಡೆ ಅವತ್ತು ಯಾರಿಗೂ ಕೆಲಸ ಇಲ್ಲ. ಕೆರೆ ಹತ್ತಿರ ಇನ್ನೊಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ತೋಟಕ್ಕೆ ಬಂದರೆ ತೋರಿಸುತ್ತೇನೆ.

ಜೇನಿನ ಹುಚ್ಚೂ ಹಿಡಿದಿತ್ತು. 2021ರಲ್ಲಿ ಖಾದಿ ಆಯೋಗದವರು ನಾಗರಹೊಳೆ ಅಂಚಿನಲ್ಲಿ ಆನೆ ತಡೆಯಲು ಜೇನುಪೆಟ್ಟಿಗೆ ಇಟ್ಟರಲ್ಲ, ಅದನ್ನು ಕೇಳಿ ನಾನೂ 14 ಪೆಟ್ಟಿಗೆ ತಂದೆ. ಹತ್ತಿರ ಹತ್ತಿರ 60 ಸಾವಿರ. ಮಳೆಗಾಲದಲ್ಲಿ ಸಕ್ಕರೆ ಪಾಕ ಇಡಲು ಸೋಮಾರಿತನ ಮಾಡಿದೆ, ಒಂಬತ್ತು ಖಾಲಿಯಾದವು. ಉಳಿದ ಐದು, ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಒಳ್ಳೆಯ ತುಪ್ಪ ಕೊಟ್ಟವು. ಆನೆ ಮಾತ್ರ ನಿಲ್ಲಲಿಲ್ಲ. ಅದು ಬರೋದು ರಾತ್ರಿ, ಜೇನು ಹಾರೋದು ಹಗಲು! ಆಮೇಲೆ ಸ್ಪೀಕರಿನಲ್ಲಿ ಹುಲಿ ಗರ್ಜನೆ ಹಾಕಿ ನೋಡಿದೆ. ಆನೆ ಬಂತೋ ಇಲ್ಲವೋ, ಮರುದಿನ ಲೈನ್‌ಮನೆಯಿಂದ ಒಬ್ಬರೂ ಕೆಲಸಕ್ಕೆ ಬರಲಿಲ್ಲ.

ನಿಜವಾಗಿ ಕಷ್ಟ ಆದದ್ದು ಆನೆಯದ್ದಲ್ಲ, ಪಕ್ಕದ ಅಣ್ಣನದ್ದು. ನಾನು ದಾರಿ ಬಿಟ್ಟರೆ ಅವರು ಆ ಕಡೆಯಿಂದ ಪಟಾಕಿ ಹೊಡೆಯೋರು. ಹಿಂಡು ತಿರುಗಿ ನನ್ನ ಗಿಡದ ಮೇಲೇ ಬರೋದು. ಒಂದು ದಿನ ಕತ್ತಿ ಹಿಡಿದುಕೊಂಡೇ ಗಡಿ ತನಕ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಅವ್ವ ಅಂಗಳದಿಂದ ಕೂಗಿದರು: "ಆನೆಗೊಂದು ನ್ಯಾಯ, ಅಣ್ಣನಿಗೊಂದು ನ್ಯಾಯವಾ?"

ಆ ರಾತ್ರಿ ಅವ್ವ ಗೌರಮ್ಮನ ಕಥೆ ತೆಗೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮ ಕಥೆಗಾರ್ತಿ ಗೌರಮ್ಮ, ತಮ್ಮ ಮನೆಗೂ ಬರಲೇಬೇಕು ಅಂತ ಊಟ ಬಿಟ್ಟು ಕೂತರಂತೆ. ಗಾಂಧೀಜಿ ಬಂದರು. ಇವರು ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಗಾಂಧಿಗೇ ಉಪವಾಸ ತೋರಿಸಿ ಗೆದ್ದವರು!

ನಾನು ಉಪವಾಸದ ಆಳಲ್ಲ, ಕಾಫಿ ಬಿಟ್ಟೆ. ದಿನಾ ಸಂಜೆ ಅಣ್ಣನ ಮನೆ ಜಗಲಿಯಲ್ಲಿ ಕೂರೋದು. ಅತ್ತಿಗೆ ಕಾಫಿ ತಂದರೆ "ಬೇಡ ಅತ್ತಿಗೆ" ಅನ್ನೋದು. ನಮ್ಮಲ್ಲಿ ಅದು ಎಷ್ಟು ಚುಚ್ಚುತ್ತೆ ಅಂತ ನಿಮಗೆ ಗೊತ್ತು. ಮೊದಲ ದಿನ ಅಣ್ಣ ಬೈದರು. ಎರಡನೇ ದಿನ ಒಳಗೇ ಕೂತರು. ನಾಲ್ಕನೇ ದಿನ ಲೋಟ ಕಟ್ಟೆಯ ಮೇಲೆ ಕೆನೆಗಟ್ಟಿತು, ಒಂದು ಇರುವೆ ಅಂಚು ಹಿಡಿದು ಸುತ್ತು ಹಾಕುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಆರನೇ ಸಂಜೆ ಅತ್ತಿಗೆ ಪಟಾಕಿ ಡಬ್ಬ ತಂದು ನನ್ನ ಮುಂದೆ ಕುಕ್ಕಿದರು. "ಇದನ್ನು ತಗೊಂಡು ಹೋಗು. ಮೊದಲು ಕಾಫಿ ಕುಡಿ."

ಪುಕ್ಕಟೆ ಏನಲ್ಲ. ಅವರ ಹಲಸು ಇಳಿಸುವ ಕೂಲಿ ಮೂರು ವರ್ಷ ನಾನು ಕೊಟ್ಟೆ, ವರ್ಷಕ್ಕೆ ಐದಾರು ಸಾವಿರ.

ಪೂರ್ತಿ ಅಹಿಂಸೆ ಅಂತ ಹೇಳಿಕೊಳ್ಳಲ್ಲ. ಕಾಫಿಯ ಕಾಯಿಕೊರಕ ಹುಳಕ್ಕೆ ಮದ್ದು ಹೊಡೆಯುತ್ತೇನೆ, ಪಂದಿ ಕರಿ (ಹಂದಿ ಸಾರು) ಬಿಟ್ಟಿಲ್ಲ. 1928ರಲ್ಲಿ ಗಾಂಧೀಜಿಗೂ ಬೆಳೆ ಹಾಳು ಮಾಡುವ ಮಂಗಗಳ ವಿಷಯದಲ್ಲಿ ತಲೆ ಕೆಟ್ಟಿತ್ತು. ಆ ಗೊಂದಲವನ್ನು 'ಯಂಗ್ ಇಂಡಿಯಾ'ದಲ್ಲಿ ಬರೆದೂಬಿಟ್ಟರು. ಆಶ್ರಮದಲ್ಲಿ ನರಳುತ್ತಿದ್ದ ಕರುವಿಗೆ ಸೂಜಿ ಕೊಡಿಸಿ ಸಾಯಿಸಿ, ಜನರಿಂದ ಬೈಸಿಕೊಂಡದ್ದೂ ಅದೇ ವರ್ಷ. ಅದನ್ನು ಓದಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು.

ಈಗಲೂ ವರ್ಷಕ್ಕೆ 15-20 ಗಿಡ ಹೋಗುತ್ತೆ. ಮೊನ್ನೆ ರಾತ್ರಿ ಒಂದೂವರೆಗೆ ನಾಯಿ ಬೊಗಳಿತು, ಎದ್ದು ಕೂತೆ. ಅಷ್ಟರಲ್ಲಿ ಅಣ್ಣನ ಫೋನು. "ಏಳು ಇದ್ದವು, ಒಂದು ಮರಿ. ಕೆರೆ ದಾಟಿದವು. ನಿನ್ನ ಪೈಪ್ ಒಡೆದಿದೆ, ಬೆಳಿಗ್ಗೆ ನೋಡುವ. ಸುಮ್ನೆ ಮಲಕ್ಕೊ."