ನಾಕ್ಸೋಸ್ ದ್ವೀಪದಲ್ಲಿ ‘ಹೋಗಿ ಬರ್ತೀವಿ’ ಹೇಳುವ ಕ್ರಮ: ನನ್ನ ಅನುಭವ

ಗ್ರೀಸಿನ ನಾಕ್ಸೋಸ್ ದ್ವೀಪದ ಬಂದರಿನಲ್ಲಿ, ಅಥೆನ್ಸ್ ಪಕ್ಕದ ಬಂದರಾದ ಪಿರೇಯಸ್ ಕಡೆಯ ದೊಡ್ಡ ಹಡಗು ನಿಲ್ಲುವುದು ಹತ್ತು-ಹದಿನೈದು ನಿಮಿಷ, ಅಷ್ಟೇ. ಹಡಗು ಹಿಮ್ಮುಖವಾಗಿ ಬಂದು ಹಿಂಬದಿಯ ಇಳಿಜಾರು ಹಲಗೆ ಇಳಿಸುತ್ತದೆ. ಬಂದವರು ಇಳಿಯುತ್ತಾರೆ, ಲಾರಿ-ಕಾರು ಹೊರಬೀಳುತ್ತವೆ, ಬಂದರು ಪೊಲೀಸರ ಸೀಟಿ ಕೇಳುತ್ತದೆ, ಕಾದವರೆಲ್ಲ ಒಟ್ಟಿಗೆ ಒಳನುಗ್ಗುತ್ತಾರೆ. ಆ ಗದ್ದಲದಲ್ಲಿ ಯಾರನ್ನೂ ಸರಿಯಾಗಿ ಬೀಳ್ಕೊಳ್ಳಲು ಆಗುವುದಿಲ್ಲ. ಹಾಗಾಗಿ ನಾನು ವಿದಾಯವನ್ನು ಬಂದರಿಗೆ ಬಿಡುವುದಿಲ್ಲ. ಹೊರಡುವ ಏಳು ದಿನ ಮೊದಲೇ ಹಳ್ಳಿಯಲ್ಲಿ ಶುರು ಮಾಡುತ್ತೇನೆ. ಹಾಲ್ಕಿ, ಫಿಲೋತಿಯಂಥ ಒಳನಾಡಿನ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಇದ್ದವರಿಗೆ ಏಳು ದಿನ ಜಾಸ್ತಿಯೇನಲ್ಲ.

ಮೊದಲು ತೀರ್ಮಾನವಾಗಬೇಕಾದದ್ದು ಹೊರಡುವ ದಿನ. ಅದನ್ನು ನಿರ್ಧರಿಸುವುದು ಗಾಳಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ತೇಮಿ ಅನ್ನುವ ಬೇಸಿಗೆಯ ಗಾಳಿ ಬೀಸುತ್ತದೆ. ಗಾಳಿಯ ಬಲ ಅಳೆಯುವ ಬೊಫೋರ್ಟ್ ಮಾಪನದಲ್ಲಿ 8 ಅಂದರೆ ಗಂಟೆಗೆ 62ರಿಂದ 74 ಕಿ.ಮೀ. ವೇಗ. ಸಾಮಾನ್ಯವಾಗಿ ಆ ಮಟ್ಟಕ್ಕೆ ಬಂದಾಗ ಬಂದರು ಅಧಿಕಾರಿಗಳು ಹಡಗು ಹೊರಡದಂತೆ ನಿಷೇಧ ಹಾಕುತ್ತಾರೆ. ವೇಗವಾಗಿ ಓಡುವ ಸಣ್ಣ ಹಡಗುಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ಆದ್ದರಿಂದ ಅಥೆನ್ಸ್‌ನಿಂದ ವಿಮಾನ ಇರುವ ದಿನವೇ ದ್ವೀಪ ಬಿಡುವ ಲೆಕ್ಕ ಹಾಕಲೇಬೇಡಿ. ಒಂದು ದಿನ ಮುಂಚೆ, ಮೆಲ್ತೇಮಿ ಕಾಲದಲ್ಲಿ ಎರಡು ದಿನ ಮುಂಚೆ ಹೊರಡಿ. ದೊಡ್ಡ ಹಡಗಿಗೆ ಪಿರೇಯಸ್ ತಲುಪಲು ಐದು, ಐದೂವರೆ ಗಂಟೆ ಬೇಕು. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋದ 3ನೇ ಮಾರ್ಗ 2022ರಿಂದ ನೇರವಾಗಿದೆ, ಸುಮಾರು ಒಂದು ಗಂಟೆ. ಭಾರತದ ಪಾಸ್‌ಪೋರ್ಟಿನವರು ಇನ್ನೊಂದು ಲೆಕ್ಕವನ್ನೂ ನೋಡಿಕೊಳ್ಳಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನವೇ ಮಿತಿ. 89ನೇ ದಿನಕ್ಕೆ ಟಿಕೆಟ್ ಇಟ್ಟುಕೊಂಡು ಗಾಳಿಗೆ ಸಿಕ್ಕಿಬಿದ್ದರೆ ಕಷ್ಟ. ನಾನು 85ಕ್ಕೇ ಮುಗಿಸುತ್ತೇನೆ.

ಆಗಸ್ಟ್ 15 ಕನ್ಯೆ ಮೇರಿಯ ಹಬ್ಬ. ಫಿಲೋತಿಯಲ್ಲಿ ಅಂದು ದೊಡ್ಡ ಜಾತ್ರೆ. ಅದರ ಬೆನ್ನಿಗೇ ಹಡಗುಗಳೆಲ್ಲ ತುಂಬಿರುತ್ತವೆ, ಹಳ್ಳಿಯವರಿಗೂ ಊರಿಗೆ ಬಂದ ನೆಂಟರನ್ನು ಕಳಿಸಿಕೊಡುವ ಗಡಿಬಿಡಿ. ಆಗಸ್ಟ್ ಕೊನೆಯ ಹೊತ್ತಿಗೆ ಹೊರಟರೆ ಎಲ್ಲರಿಗೂ ಪುರಸೊತ್ತು ಇರುತ್ತದೆ.

ಇನ್ನು ಮನೆಗಳಿಗೆ ಹೋಗುವ ಬಗ್ಗೆ. ವಯಸ್ಸಾದವರ ಮನೆ ಮೊದಲು. ಮಧ್ಯಾಹ್ನ 3ರಿಂದ 5.30 ಬೇಸಿಗೆಯಲ್ಲಿ ಕಾನೂನಿನ ಪ್ರಕಾರವೇ ನಿಶ್ಶಬ್ದದ ಹೊತ್ತು. ಆಗ ಬಾಗಿಲು ತಟ್ಟಿದರೆ ಯಾರೂ ಬಾಯಿಬಿಟ್ಟು ಬೈಯುವುದಿಲ್ಲ, ಆದರೆ ಮನಸ್ಸಿಗೆ ಹಿಡಿಸುವುದಿಲ್ಲ. ಸಂಜೆ ಆರೂವರೆಯ ಮೇಲೆ ಹೋಗಿ. ಒಂದು ಸಂಜೆಗೆ ಎರಡೇ ಮನೆ. ಮೂರನೆಯದು ಬೇಡ, ಹೊಟ್ಟೆ ಕೇಳುವುದಿಲ್ಲ. ಪ್ರತಿ ಮನೆಯಲ್ಲೂ ಸಣ್ಣ ತಟ್ಟೆಯಲ್ಲಿ ‘ಗ್ಲಿಕೋ ತು ಕುತಲ್ಯು’ ಬರುತ್ತದೆ. ಪಾಕದಲ್ಲಿ ಬೇಯಿಸಿದ ಹಣ್ಣು, ಪಕ್ಕದಲ್ಲಿ ಒಂದು ಲೋಟ ತಣ್ಣೀರು. ನಾಕ್ಸೋಸ್‌ನಲ್ಲಿ ಅದು ಎಷ್ಟೋ ಸಲ ಕೀತ್ರೋ ಹಣ್ಣಿನದು, ಅಂದರೆ ನಮ್ಮ ಮಾದಲ ಹಣ್ಣಿನದು. ದಪ್ಪ ಸಿಪ್ಪೆಯ ಹಸಿರು-ಹಳದಿ ತುಂಡು ಚಮಚದ ತುಂಬ ಕೂತಿರುತ್ತದೆ, ಹೊರಗೆ ಪಾರದರ್ಶಕ, ಕಚ್ಚಿದರೆ ಒಳಗಿನ್ನೂ ಸ್ವಲ್ಪ ಕಹಿ. ಪೂರ್ತಿ ತಿನ್ನಿ, ನೀರು ಕುಡಿಯಿರಿ, ‘ಯಾ ಸ್ತಾ ಹೆರ್ಯಾ ಸಾಸ್’ ಅನ್ನಿ. ನಿಮ್ಮ ಕೈಗಳು ಚೆನ್ನಾಗಿರಲಿ ಅಂತ ಅರ್ಥ. ಅಡುಗೆ ಮಾಡಿದವರಿಗೆ ಇದಕ್ಕಿಂತ ಒಳ್ಳೆಯ ಮಾತು ಆ ಭಾಷೆಯಲ್ಲಿ ನನಗೆ ಗೊತ್ತಿಲ್ಲ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ‘ನಿಸ್ತೀಸಿಮೊ’ ಅಂದರೆ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇಲ್ಲ ಅಂತ ಕೇಳಿ ನಮ್ಮವರು ಅದೇ ಪದ ಹಿಡಿದುಕೊಳ್ಳುತ್ತಾರೆ. ಆದರೆ ಆ ಉಪವಾಸಕ್ಕೆ ಆಕ್ಟೋಪಸ್, ಸಿಗಡಿ ನಡೆಯುತ್ತವೆ! ‘ಹೋರ್ತೊಫಾಗೋಸ್’, ಅಂದರೆ ಸಸ್ಯಾಹಾರಿ, ಅಂತಲೇ ಹೇಳಿ, ಅದರ ಜೊತೆಗೆ ಮೀನೂ ಬೇಡ ಅಂತ ಬಿಡಿಸಿ ಹೇಳಿ.

ಕೈಯಲ್ಲಿ ಏನು ಹಿಡಿದು ಹೋಗಬೇಕು? ಸ್ಥಳೀಯ ಸಿಹಿ ಅಂಗಡಿಯಿಂದ ಅರ್ಧ ಅಥವಾ ಒಂದು ಕಿಲೋ ತೂಗಿಸಿ ಕಟ್ಟಿಸಿಕೊಂಡ ಪೊಟ್ಟಣ ಎಲ್ಲ ಮನೆಗೂ ಸಲ್ಲುತ್ತದೆ. ಊರಿನಿಂದ ತರುವುದಾದರೆ ಪೇಡ, ಕುಂದ ಬೇಡ. ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವುದಕ್ಕೆ ನಿಷೇಧವಿದೆ. ಕಾಫಿಪುಡಿ, ಏಲಕ್ಕಿ, ಗಂಧದ ಸೋಪು, ಮಕ್ಕಳಿರುವ ಮನೆಗೆ ಚನ್ನಪಟ್ಟಣದ ಬೊಂಬೆ: ಇವಕ್ಕೆ ಯಾವ ತಕರಾರೂ ಇಲ್ಲ. ನೆರೆಮನೆಯವರು ಅಂಜೂರವೋ ಮೊಟ್ಟೆಯೋ ಇಟ್ಟುಕೊಟ್ಟ ತಟ್ಟೆಗಳು ನಿಮ್ಮ ಅಡುಗೆಮನೆಯಲ್ಲಿ ಉಳಿದಿದ್ದರೆ ಈ ವಾರದಲ್ಲೇ ಹಿಂದಿರುಗಿಸಿ, ಆದರೆ ಖಾಲಿಯಾಗಿ ಅಲ್ಲ. ಪಾತ್ರೆ ಬರಿದಾಗಿ ವಾಪಸು ಕೊಡಬಾರದು ಅನ್ನುವುದು ಅಲ್ಲೂ ನಮ್ಮಲ್ಲಿದ್ದ ಹಾಗೆಯೇ ಇದೆ.

ಮಗುವನ್ನು ಹೊಗಳಿದರೆ ‘ನಾ ಸಾಸ್ ಜೀಸಿ’ ಸೇರಿಸಿ. ಮಗು ಬಾಳಲಿ ಅಂತ. ಅಜ್ಜಿಯಂದಿರು ಮೂರು ಸಲ ‘ಫ್ತು’ ಅನ್ನುತ್ತಾರೆ. ದೃಷ್ಟಿ ತಾಗುತ್ತದೆ ಅಂತ ನಂಬುವ ಊರಿನಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕನೇ ಅಥವಾ ಐದನೇ ದಿನ ನಮ್ಮ ಕಡೆಯಿಂದ ಒಂದು ಊಟ. ಹತ್ತು ಜನಕ್ಕೆ ನಾನು ಮಾಡುವುದು ಚಿತ್ರಾನ್ನ, ಮೊಸರುಬಜ್ಜಿ, ಅಲ್ಲಿಯ ಆಲೂಗಡ್ಡೆಯ ಪಲ್ಯ. ನಾಕ್ಸೋಸ್ ಆಲೂಗಡ್ಡೆಗೆ ಗ್ರೀಸಿನಲ್ಲೆಲ್ಲ ಹೆಸರು. ಅಕ್ಕಿ ಕೊಳ್ಳುವಾಗ ಎಡವುವುದು ಸುಲಭ. ‘ಗ್ಲಾಸೆ’ ಅಂತ ಬರೆದಿರುವುದು ಅಂಟುತ್ತದೆ, ಚಿತ್ರಾನ್ನ ಮುದ್ದೆಯಾಗುತ್ತದೆ. ‘ನಿಹಾಕಿ’ ಉದ್ದಕ್ಕಿ ತೆಗೆದುಕೊಳ್ಳಿ. 750 ಗ್ರಾಂ ಅಕ್ಕಿಯ ಅನ್ನ ಮಾಡಿ, ಅಗಲ ತಟ್ಟೆಗಳಲ್ಲಿ ಹರಡಿ ಪೂರ್ತಿ ಆರಿಸಿ. ನೂರು ಗ್ರಾಂ ಕಡಲೆಕಾಯಿ ಬೀಜ, ಕಡಲೆಬೇಳೆ-ಉದ್ದಿನಬೇಳೆ ಎರಡೆರಡು ಚಮಚ, ಸಾಸಿವೆ, ಅರಿಶಿನ, ಊರಿನಿಂದ ತಂದ ಒಣ ಕರಿಬೇವು. ಹಸಿ ಕರಿಬೇವು ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಖಾರಕ್ಕೆ ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಅವು ಬಣ್ಣ ಕೊಡುತ್ತವೆ, ಅತಿಥಿಗಳ ಕಣ್ಣಲ್ಲಿ ನೀರು ತರಿಸುವುದಿಲ್ಲ. ನಾಲ್ಕು ನಿಂಬೆಹಣ್ಣಿನ ರಸ ಒಲೆ ಆರಿಸಿದ ಮೇಲೆಯೇ, ಇಲ್ಲದಿದ್ದರೆ ಕಹಿ. ಮೊಸರುಬಜ್ಜಿ ಕಂಡು ಎಲ್ಲರೂ ‘ಇದು ಬೆಳ್ಳುಳ್ಳಿ ಇಲ್ಲದ ಜಜೀಕಿ’ (ಮೊಸರು-ಸೌತೆಕಾಯಿಯ ಅವರ ತಿನಿಸು) ಅನ್ನುತ್ತಾರೆ, ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಕಾಫಿ ಅಂಗಡಿಯಲ್ಲಿ ‘ಕೇರಸ್ಮಾ’, ಅಂದರೆ ಇನ್ನೊಬ್ಬರಿಗೆ ಕುಡಿಸಿ ತಿನ್ನಿಸಿ ತಾನೇ ದುಡ್ಡು ಕೊಡುವುದು, ದೊಡ್ಡ ವಿಷಯ. ಕೊನೆಯ ಸಲ ನೀವೇ ಕೊಡಬೇಕೆಂದಿದ್ದರೆ ಬಿಲ್ಲು ಬರುವವರೆಗೆ ಕಾಯಬೇಡಿ, ಆಗ ನಿಮ್ಮ ಕೈ ಹಿಡಿದುಬಿಡುತ್ತಾರೆ. ಕೂರುವ ಮುಂಚೆಯೇ ಯಜಮಾನರ ಹತ್ತಿರ ಹೋಗಿ, ಇವತ್ತು ನಮ್ಮದು ಅಂತ ಹೇಳಿ ಮುಂಗಡ ಕೊಟ್ಟುಬಿಡಿ.

ಅವರು ಕೊಡುವ ಉಡುಗೊರೆ ಸಾಮಾನಿನಲ್ಲಿ ಹೇಗೆ ಸೇರುತ್ತದೆ ಅನ್ನುವುದನ್ನು ಮೊದಲೇ ಯೋಚಿಸಿ. ನೀರಿನ ಬಾಟಲಿಯಲ್ಲಿ ಮನೆಯಲ್ಲೇ ಬಟ್ಟಿ ಇಳಿಸಿದ ಮದ್ಯ ರಾಕಿ ತುಂಬಿ ಕೊಡುತ್ತಾರೆ. ಶೇ 24ಕ್ಕಿಂತ ಹೆಚ್ಚು ಮದ್ಯಸಾರ ಇರುವುದು ವಿಮಾನದಲ್ಲಿ ಹೋಗಬೇಕಾದರೆ ಅಂಗಡಿಯ ಮೂಲ ಬಾಟಲಿಯಲ್ಲೇ ಇರಬೇಕು, ಇದು ಹೋಗುವುದಿಲ್ಲ. ಹಾಗಂತ ಬೇಡ ಅನ್ನಬೇಡಿ. ಅಲ್ಲೇ ತೆರೆದು ಎಲ್ಲರಿಗೂ ಬಗ್ಗಿಸಿ. ಕುಡಿಯದವರು ತುಟಿಗೆ ತಾಗಿಸಿದರೂ ಸಾಕು. ಏನು ಬೇಕು ಅಂತ ಅವರೇ ಕೇಳಿದರೆ ಹಾಲ್ಕಿಯ ಕೀತ್ರೋನ್ ಹೇಳಿ. ಮಾದಲದ ಎಲೆಯಿಂದ ಬಟ್ಟಿ ಇಳಿಸಿದ್ದು, 1896ರಿಂದ ಅಲ್ಲಿ ಮಾಡುತ್ತಿದ್ದಾರೆ, ಮೊಹರಾದ ಬಾಟಲಿಯಲ್ಲಿ ಬರುತ್ತದೆ. ಹಸಿರು ಬಣ್ಣದ್ದು ಸಿಹಿ ಹೆಚ್ಚು, ಹಳದಿಯದರಲ್ಲಿ ಮದ್ಯಸಾರ ಹೆಚ್ಚು. ಭಾರತಕ್ಕೆ ಸುಂಕವಿಲ್ಲದೆ ಎರಡು ಲೀಟರ್ ತರಬಹುದು. ಆಲಿವ್ ಎಣ್ಣೆಯ ಬಾಟಲಿಯನ್ನು ಬಾಯಿತನಕ ತುಂಬಬಾರದು, ಮುಚ್ಚಳದ ಸುತ್ತ ಟೇಪು, ಎರಡು ಪ್ಲಾಸ್ಟಿಕ್ ಚೀಲ, ಆಮೇಲೆ ಹಳೆ ಟವೆಲ್ಲು. ಕಡಲತೀರದ ಬೆಣಚುಕಲ್ಲು, ಹೊಲದಲ್ಲಿ ಸಿಕ್ಕ ಮಡಕೆ ಚೂರು ಯಾರೇ ನೆನಪಿಗೆಂದು ಕೊಟ್ಟರೂ ಅಲ್ಲೇ ಬಿಡಿ. ಹಳೆಯ ಚೂರು ದೇಶದಾಚೆ ಒಯ್ದರೆ 2002ರ ಪುರಾತತ್ವ ಕಾನೂನಿನ ಪ್ರಕಾರ ಅಪರಾಧ.

ಮಾತಿನ ವಿಷಯಕ್ಕೆ ಬರೋಣ. ‘ಆಂದೀಯೊ’ ಪುಸ್ತಕದಲ್ಲಿ ವಿದಾಯ, ಕಿವಿಗೆ ಮಾತ್ರ ಮುಗಿದೇ ಹೋಯಿತು ಅನ್ನಿಸುತ್ತದೆ. ಮನೆ ಬಿಡುವಾಗ ‘ಹೋಗ್ತೀನಿ’ ಅನ್ನಬಾರದು ಅಂತ ನಮ್ಮ ಹಿರಿಯರು ತಿದ್ದುತ್ತಿದ್ದರಲ್ಲ, ಹಾಗೇ. ‘ಹೋಗಿ ಬರ್ತೀವಿ’ಗೆ ಅಲ್ಲಿಯ ಜೋಡಿ ‘ಕಾಲಿ ಆಂದಾಮೋಸಿ’, ಚೆನ್ನಾಗಿದ್ದು ಮತ್ತೆ ಸೇರೋಣ. ‘ಸ್ತೋ ಕಾಲೋ’ ಮತ್ತು ‘ಕಾಲೋ ತಕ್ಸೀದಿ’ ಉಳಿಯುವವರು ಹೊರಡುವವರಿಗೆ ಹೇಳುವ ಮಾತುಗಳು, ಹೊರಡುವವರು ಅದನ್ನೇ ತಿರುಗಿ ಹೇಳಿದರೆ ಅರ್ಥ ಕೆಡುತ್ತದೆ. ಅದಕ್ಕೆ ಉತ್ತರ ‘ನಾ ಈಸ್ತೆ ಕಾಲಾ’, ಚೆನ್ನಾಗಿರಿ. ಆಗಸ್ಟ್ ಕೊನೆಯಿಂದ ಎಲ್ಲರೂ ‘ಕಾಲೋ ಹಿಮೋನಾ’ ಅನ್ನತೊಡಗುತ್ತಾರೆ, ಚಳಿಗಾಲ ಒಳ್ಳೆಯದಾಗಲಿ ಅಂತ. ಸೆಕೆಯಲ್ಲಿ ಬೆವರುತ್ತಲೇ ಅದನ್ನು ಹೇಳುತ್ತಾರೆ. ಹಿರಿಯರಿಗೆ ‘ಯಾ ಸಾಸ್’, ಸಲುಗೆಯವರಿಗೆ ‘ಯಾ ಸು’. ನೀವು-ನೀನು ಇದ್ದಂತೆಯೇ.

ಬಂದರಿಗೆ ಒಂದು ಗಂಟೆ ಮುಂಚೆ ಬನ್ನಿ. ಗೆಳೆಯರು ಬರುತ್ತೇವೆ ಅಂದರೆ ಅವರನ್ನು ಹಡಗುಕಟ್ಟೆಯ ಮೇಲೆ ನಿಲ್ಲಿಸಬೇಡಿ. ಅಪ್ಪಿಕೊಳ್ಳುವುದು ಮುಗಿಸಿ ಪೋರ್ತಾರಾ ಕಡೆಗೆ ಕಳಿಸಿ. ಕ್ರಿ.ಪೂ. 530ರ ಸುಮಾರಿಗೆ ಶುರುವಾಗಿ ಮುಗಿಯದೇ ಉಳಿದ ಅಪೊಲೊ ಗುಡಿಯ ಬಾಗಿಲು ಅದು, ಬಂದರಿನ ಬಾಯಲ್ಲೇ ಒಂದು ದಿಬ್ಬದ ಮೇಲೆ ನಿಂತಿದೆ. ಹಡಗು ಹೊರಡುವಾಗ ಅದರ ಮುಂದಿನಿಂದಲೇ ಸಾಗುತ್ತದೆ. ವೀರ ಥೀಸಿಯಸ್ ತನ್ನ ಜೊತೆ ಬಂದಿದ್ದ ರಾಜಕುಮಾರಿ ಅರಿಯಾಡ್ನೆ ಮಲಗಿದ್ದಾಗ ಅವಳನ್ನು ಹೇಳದೆ ಕೇಳದೆ ಬಿಟ್ಟುಹೋದದ್ದು ಇದೇ ದ್ವೀಪದಲ್ಲಿ ಅನ್ನುತ್ತದೆ ಗ್ರೀಕ್ ಪುರಾಣ. ಅಂಥ ಜಾಗದಲ್ಲಿ ನಿಂತು ಕೈಬೀಸಿ ಕಳಿಸುವುದಕ್ಕೆ ಒಂದು ತೂಕ ಇದೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಗಾಳಿ ಜೋರಿದ್ದರೆ ಅಲ್ಲಿಗೆ ಹೋಗುವ ಕಟ್ಟೆದಾರಿಯ ಮೇಲೆ ಅಲೆ ಹೊಡೆದು ಜಾರುತ್ತದೆ, ವಯಸ್ಸಾದವರನ್ನು ಕಳಿಸಬೇಡಿ. ನೀವು ಹಡಗಿನೊಳಗೆ ಪಿರೇಯಸ್ ಅಂತ ಬರೆದ ಕಪಾಟಿನಲ್ಲಿ ಸಾಮಾನಿಟ್ಟು ನೇರ ಮೇಲಿನ ತೆರೆದ ಅಟ್ಟಕ್ಕೆ (ಡೆಕ್) ಹತ್ತಿ. ಬೆರಳು ಬಿಡಿಸಿದ ಅಂಗೈಯನ್ನು ಮುಂದಕ್ಕೆ ಚಾಚುವುದು ಅಲ್ಲಿ ಬೈಗುಳ, ಅದಕ್ಕೇ ನಾನು ಕೆಂಪು ಶಾಲು ಬೀಸುತ್ತೇನೆ. ದೂರಕ್ಕೂ ಕಾಣುತ್ತದೆ.

ಹೊರಡುವ ಮುಂಚೆ ಎಲ್ಲರ ನಂಬರಿಗೆ +30 ಸೇರಿಸಿ ಉಳಿಸಿಕೊಳ್ಳಿ, ಫೋನಿನಲ್ಲಿ ವೈಬರ್ ಹಾಕಿಸಿಕೊಳ್ಳಿ, ಅಲ್ಲಿ ಬಹಳ ಜನ ಬಳಸುವುದು ಅದನ್ನೇ. ಹೆಸರಿನ ಮುಂದೆ ಅವರ ನಾಮದಿನವನ್ನೂ, ಅಂದರೆ ಅವರ ಹೆಸರಿನ ಸಂತರ ಹಬ್ಬದ ದಿನವನ್ನೂ ಬರೆದಿಡಿ. ಎಷ್ಟೋ ಹಿರಿಯರಿಗೆ ಹುಟ್ಟುಹಬ್ಬಕ್ಕಿಂತ ಅದೇ ಹೆಚ್ಚು. ದಿಮಿತ್ರಿಸ್‌ಗೆ ಅಕ್ಟೋಬರ್ 26, ನಿಕೋಲಾಸ್‌ಗೆ ಡಿಸೆಂಬರ್ 6, ಯಾನಿಸ್‌ಗೆ ಜನವರಿ 7, ಎಲೇನಿಗೆ ಮೇ 21, ಮರಿಯಾಗೆ ಆಗಸ್ಟ್ 15. ಬೇಸಿಗೆಯಲ್ಲಿ ನಮ್ಮ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ ಅಂದರೆ ಅಲ್ಲಿ ಸಂಜೆ ಆರು. ನಿದ್ದೆ ಮುಗಿಸಿ ಕಾಫಿಗೆ ಕೂತಿರುತ್ತಾರೆ. ‘ಹ್ರೋನ್ಯಾ ಪೋಲಾ’, ಬಹಳ ವರ್ಷ ಬಾಳಿ, ಅಂತ ಶುರು ಮಾಡಿ.