ಲಂಡನ್‌ಗೆ ಐದೇ ತಾಸಾ? ದೂರದ ವಿಮಾನದ ಲೆಕ್ಕ ಹಾಕೋದು ಹೀಗೆ

ಬೆಳಿಗ್ಗೆ 7ಕ್ಕೆ ಹೈದರಾಬಾದ್ ಬಿಟ್ಟು, ಮಧ್ಯಾಹ್ನ 12ಕ್ಕೆ ಲಂಡನ್. ಟಿಕೆಟ್ ಹೀಗಿದ್ದರೆ ಐದೇ ತಾಸಿನ ಪ್ರಯಾಣ ಅನ್ನಿಸುತ್ತದೆ, ಅಲ್ವಾ? ಮಕ್ಕಳನ್ನು ಓದಲು ಹೊರದೇಶಕ್ಕೆ ಕಳಿಸುವ ರಾಯಚೂರಿನ ಮನೆಗಳು ಇದನ್ನು ಒಮ್ಮೆ ಕೂತು ಲೆಕ್ಕ ಹಾಕಿಬಿಡುವುದು ಒಳ್ಳೆಯದು.

ಮೊದಲು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟರೆ ಲೆಕ್ಕ ತಪ್ಪುತ್ತದೆ. ಭೂಮಿ ಗುಂಡಗಿದೆ, ಕಾಗದ ಚಪ್ಪಟೆ. ಮಕ್ಕಳ ಗ್ಲೋಬ್ ಮತ್ತು ಒಂದು ದಾರ ತಗೊಳ್ಳಿ. ದಾರವನ್ನು ಸಮಭಾಜಕದ ಸುತ್ತ ಒಂದು ಸುತ್ತು ಸುತ್ತಿ ಅಳೆಯಿರಿ. ಅದು 40,000 ಕಿ.ಮೀ.ಗೆ ಸಮ. 30 ಸೆಂ.ಮೀ. ಅಗಲದ ಗ್ಲೋಬಾದರೆ ದಾರ ಸುಮಾರು 94 ಸೆಂ.ಮೀ. ಬರುತ್ತದೆ. ಈಗ ಹೈದರಾಬಾದಿನಿಂದ ಲಂಡನ್‌ಗೆ ಬಿಗಿಯಾಗಿ ಎಳೆದು ಹಿಡಿಯಿರಿ. 18 ಸೆಂ.ಮೀ. ಚಿಲ್ಲರೆ. ಅಂದರೆ ಸುಮಾರು 7,750 ಕಿ.ಮೀ. ಹಾಗೇ ಶಿಕಾಗೋಗೂ ಎಳೆದು ನೋಡಿ: ದಾರ ಪಶ್ಚಿಮಕ್ಕೆ ಹೋಗುವ ಬದಲು ಉತ್ತರ ಧ್ರುವದ ಹತ್ತಿರ ಹಾದು ಹೋಗುತ್ತದೆ! ಆ ದೂರ ಸುಮಾರು 13,300 ಕಿ.ಮೀ. ಗ್ಲೋಬ್ ಇಲ್ಲದವರು ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ರೈಟ್ ಕ್ಲಿಕ್ ಮಾಡಿ ದೂರ ಅಳೆಯಬಹುದು.

ಇನ್ನು ತಾಸಿನ ಲೆಕ್ಕ. ದೊಡ್ಡ ವಿಮಾನದ ವೇಗ ಗಂಟೆಗೆ 850ರಿಂದ 900 ಕಿ.ಮೀ. 7,750 ಕಿ.ಮೀ.ಗೆ ಒಂಬತ್ತು ತಾಸು. ರನ್‌ವೇವರೆಗೆ ತೆವಳುವುದು, ಏರುವುದು, ಇಳಿಯುವುದಕ್ಕೆ ಇನ್ನೊಂದು ಅರ್ಧ, ಮುಕ್ಕಾಲು ತಾಸು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಇದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಅದಕ್ಕೇ ವಾಪಸ್ ಬರುವ ವಿಮಾನ ಬೇಗ ಮುಟ್ಟುತ್ತದೆ. ಆಕಾಶದ ದಾರಿಯೂ ಎಲ್ಲರಿಗೂ ತೆರೆದಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ, ಯುರೋಪಿಗೆ ಹೋಗುವ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯಿತು. ಹಾಗಾಗಿ ದಾರದ ಲೆಕ್ಕ ಯಾವಾಗಲೂ ಕಡಿಮೆಯೇ.

ಈಗ ಟಿಕೆಟ್‌ಗೆ ಬನ್ನಿ. ಹೊರಡುವ ಸಮಯ ಇಲ್ಲಿನದು, ಮುಟ್ಟುವ ಸಮಯ ಅಲ್ಲಿನದು. ಎರಡನ್ನೂ ಒಂದೇ ಊರಿನ ಸಮಯಕ್ಕೆ ತನ್ನಿ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ತಾಸು ಹಿಂದೆ. ನಮ್ಮ ಬೆಳಿಗ್ಗೆ 7 ಅಲ್ಲಿ ರಾತ್ರಿ 1:30. ಅಲ್ಲಿಂದ 12ಕ್ಕೆ ಹತ್ತೂವರೆ ತಾಸು. ಇದೇ ನಿಜವಾದ ಪ್ರಯಾಣ. ಕೈಗಡಿಯಾರವನ್ನು ತಲೆಕೆಳಗೆ ಹಿಡಿದರೂ ಸಾಕು, ಮುಳ್ಳುಗಳು ಲಂಡನ್‌ನ ಚಳಿಗಾಲದ ಸಮಯವನ್ನೇ ತೋರಿಸುತ್ತವೆ! ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ತಾಸು ಮುಂದಿಡುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಂತರ ನಾಲ್ಕೂವರೆ ತಾಸು ಅಷ್ಟೇ.

ಕೊನೆಗೆ ರಸ್ತೆ. ರಾಯಚೂರಿನಿಂದ ಶಕ್ತಿನಗರದ ಕೃಷ್ಣಾ ಸೇತುವೆ ದಾಟಿ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಸುಮಾರು 200 ಕಿ.ಮೀ. ಬೆಂಗಳೂರಿನದು ಅದರ ಎರಡರಷ್ಟು. ಹೊರದೇಶದ ವಿಮಾನಕ್ಕೆ ಮೂರು ತಾಸು ಮೊದಲೇ ನಿಲ್ದಾಣದಲ್ಲಿರಬೇಕು. 7ರ ವಿಮಾನಕ್ಕೆ ಹಿಂದಿನ ರಾತ್ರಿ 11 ಆಗುವ ಮೊದಲೇ ಕಾರು ರಾಯಚೂರು ಬಿಟ್ಟಿರಲಿ.